ಛತ್ರದ ಪಂಕ್ತಿಯಲ್ಲಿ ಬಲಗಡೆಯ ಜಾಗ

18 ಮೇ 2025, ಭಾನುವಾರ
ಮೈಸೂರು

ಅಕ್ಕನ ಮಗನ ಮದುವೆ ಮುಗಿಯಿತು. ಧಾರೆ, ಊಟ, ಬೀಗರ ಮಾತುಕತೆ ಎಲ್ಲ ಆಗಿ ಮನೆ ಸೇರುವಾಗ ಸಂಜೆಯಾಗಿತ್ತು. ಕಾಲಿಗಿಂತ ತಲೆ ಜಾಸ್ತಿ ದಣಿದಿದೆ. ಕಿವಿಗೆ ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಈ ದಣಿವು ಗೊತ್ತಿರುತ್ತದೆ. ಅರ್ಧಂಬರ್ಧ ಕೇಳಿದ ಮಾತನ್ನು ಊಹೆ ಮಾಡಿ ಪೂರ್ತಿ ಮಾಡಿಕೊಳ್ಳುವಷ್ಟರಲ್ಲಿ ಮುಂದಿನ ಮಾತು ಬಂದು ಹೋಗಿರುತ್ತದೆ.

ನನ್ನ ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್, ಎಡಗಿವಿಗೆ ಹಿಯರಿಂಗ್ ಏಡ್. ಇಂಪ್ಲಾಂಟ್ ಅಂದರೆ ಆಪರೇಷನ್ ಮಾಡಿ ಒಳಗಿವಿಯಲ್ಲಿ ಕೂರಿಸಿದ, ಶಬ್ದವನ್ನು ಕರೆಂಟಾಗಿ ನರಕ್ಕೆ ಕೊಡುವ ಸಾಧನ. ಅದರ ಹೊರಗಿನ, ಮೈಕಿರುವ ಭಾಗವೇ ಪ್ರೊಸೆಸರ್. ಮನೆಯಲ್ಲಿ ಎದುರು ಕೂತವರ ಜೊತೆ ಆರಾಮಾಗಿ ಮಾತಾಡುತ್ತೇನೆ. ಫೋನಿನಲ್ಲೂ ಮಾತಾಡುತ್ತೇನೆ. ಅದಕ್ಕೇ ನೆಂಟರಿಗೆ ಅನುಮಾನ. "ಮನೇಲಿ ಚೆನ್ನಾಗಿ ಕೇಳುತ್ತಲ್ಲಮ್ಮ, ಛತ್ರದಲ್ಲಿ ಯಾಕೆ ಕೇಳಲ್ಲ?" ಅಂತ ದೊಡ್ಡಪ್ಪ ಇವತ್ತೂ ಕೇಳಿದರು. ಆಗ ಗಟ್ಟಿಮೇಳ ನಡೀತಿತ್ತು, ಉತ್ತರ ಹೇಳುವ ಹಾಗಿರಲಿಲ್ಲ. ಇಲ್ಲಿ ಬರೆಯುತ್ತೇನೆ ದೊಡ್ಡಪ್ಪ, ಮಕ್ಕಳ ಕೈಲಿ ಓದಿಸಿಕೊಳ್ಳಿ.

ಚೆನ್ನಾಗಿರುವ ಒಂದು ಕಿವಿಯೊಳಗೆ ಶಬ್ದವನ್ನು ನರಕ್ಕೆ ದಾಟಿಸುವ ಸಣ್ಣ ಕೂದಲು ಕೋಶಗಳು ಸುಮಾರು 3,500 ಇರುತ್ತವೆ. ಆ ಕೆಲಸಕ್ಕೆ ನಮ್ಮ ಇಂಪ್ಲಾಂಟಿನಲ್ಲಿರುವುದು, ಕಂಪನಿ ನೋಡಿಕೊಂಡು, 12ರಿಂದ 22 ಎಲೆಕ್ಟ್ರೋಡ್, ಅಂದರೆ ಕರೆಂಟ್ ಕೊಡುವ ಪುಟ್ಟ ಬಿಂದುಗಳು. ಅವುಗಳ ಕರೆಂಟೂ ಒಳಗಿನ ದ್ರವದಲ್ಲಿ ಹರಡಿ ಅಕ್ಕಪಕ್ಕದ್ದರ ಜೊತೆ ಬೆರೆಯುತ್ತದೆ. ಚುಕ್ಕಿ ಕಡಿಮೆ ಇಟ್ಟು ಹಾಕಿದ ರಂಗೋಲಿ ಅಂದುಕೊಳ್ಳಿ. ಒಂದೇ ಇದ್ದರೆ ಇದು ನವಿಲು, ಇದು ಕಮಲ ಅಂತ ತಿಳಿಯುತ್ತದೆ. ಅದೇ ಚುಕ್ಕಿಗಳ ಮೇಲೆ ಇನ್ನೊಬ್ಬರು ಬಂದು ಇನ್ನೊಂದು ಎಳೆದರೆ ಯಾವ ಗೆರೆ ಯಾರದು ಅಂತ ಬಿಡಿಸೋಕೆ ಆಗಲ್ಲ.

ಇದರಲ್ಲಿ ಜನಕ್ಕೆ ನಂಬಿಕೆ ಬರದ ಸಂಗತಿ ಒಂದಿದೆ. ಒಳ್ಳೆ ಕಿವಿಯವರಿಗೆ ಒಂದೇ ಸಮ ಭೋರ್ಗರೆಯುವ ಸದ್ದಿಗಿಂತ ಪಕ್ಕದಲ್ಲಿ ಇನ್ನೊಬ್ಬರು ಮಾತಾಡುತ್ತಿದ್ದರೆ ಸಂಭಾಳಿಸುವುದು ಸುಲಭ. ಆ ಇನ್ನೊಬ್ಬರು ಉಸಿರು ತೆಗೆದುಕೊಳ್ಳುವ ಸಣ್ಣ ಸಣ್ಣ ಬಿಡುವಿನಲ್ಲಿ ಇವರು ತಮಗೆ ಬೇಕಾದ್ದನ್ನು ಹೆಕ್ಕಿಕೊಳ್ಳುತ್ತಾರೆ. ಎರಡು ದನಿಗಳ ಸ್ಥಾಯಿ ಬೇರೆ ಅನ್ನುವುದೂ ನೆರವಾಗುತ್ತದೆ. ನಮಗೆ ಆ ಸ್ಥಾಯಿಯ ವಿವರವೇ ಸರಿಯಾಗಿ ಸಿಗಲ್ಲ. ಹಾಗಾಗಿ ಆ ಬಿಡುವಿನಿಂದ ನಮಗೆ ಹೆಚ್ಚೇನೂ ಲಾಭ ಇಲ್ಲ. ಫ್ಯಾನು, ಜನರೇಟರಿನ ಸದ್ದನ್ನು ಪ್ರೊಸೆಸರ್ ಗುರುತು ಹಿಡಿದು ತಗ್ಗಿಸುತ್ತದೆ. ಆದರೆ ಪಕ್ಕದವರ ಹರಟೆಯೂ ಮಾತೇ ಅಲ್ವಾ? ಅದನ್ನು ಬಿಡು, ಇದನ್ನು ಹಿಡಿ ಅಂತ ಯಂತ್ರಕ್ಕೆ ಹೇಳುವವರು ಯಾರು? ಛತ್ರದಲ್ಲಿ ನನ್ನನ್ನು ಸೋಲಿಸುವುದು ಓಲಗಕ್ಕಿಂತ ಜಾಸ್ತಿ ಇಬ್ಬರು ಅತ್ತೆಯರ ಮಾತು.

ಓಲಗವೂ ತನ್ನ ಕೆಲಸ ಮಾಡುತ್ತದೆ ಅನ್ನಿ. ಡೋಲಿನ ಪೆಟ್ಟು ಬಿದ್ದ ಕೂಡಲೇ ಪ್ರೊಸೆಸರ್ ಕಿವಿಗೆ ಹೊಡೆತ ಬೀಳದ ಹಾಗೆ ಒಟ್ಟು ಶಬ್ದವನ್ನೇ ತಗ್ಗಿಸುತ್ತದೆ. ಅದರ ಜೊತೆಗೆ ಮಾತೂ ತಗ್ಗುತ್ತದೆ. ಪುರೋಹಿತರು ಹೇಳಿದ ಪ್ರತಿ ಮಂತ್ರದ ತುದಿ ಹಾಗೇ ಹೋಯಿತು.

ಊಟದ ಪಂಕ್ತಿ ಇನ್ನೂ ಕಷ್ಟ. ಎದುರಿಗೆ ಕೂತು ಉಣ್ಣುವುದಾದರೆ ಮುಖ ಕಾಣುತ್ತದೆ. ಪಂಕ್ತಿಯಲ್ಲಿ ಮಾತಾಡುವವರು ಪಕ್ಕದಲ್ಲಿರುತ್ತಾರೆ. ನನ್ನ ಮೈಕು ಮುಂದಕ್ಕೆ ನೋಡುತ್ತಿರುತ್ತದೆ, ಮುಂದೆ ಸ್ಟೀಲ್ ಬಕೆಟ್ ಹಿಡಿದು ಬಡಿಸುವವರು ಓಡಾಡುತ್ತಿರುತ್ತಾರೆ. ಅನ್ನವೋ ಪಾಯಸವೋ ಅಂತ ಕೇಳಿಸಿಕೊಳ್ಳಬೇಕಾಗಿಲ್ಲ, ಸೌಟು ನೋಡಿದರೆ ಸಾಕು. ಮಾತಿಗೆ ಆ ಅನುಕೂಲ ಇಲ್ಲ. ಅದಕ್ಕೇ ನಾನು ಮೊದಲೇ ಹೋಗಿ ಗೋಡೆ ಎಡಗಡೆಗೆ ಬರುವ ಹಾಗೆ ಸಾಲಿನ ತುದಿ ಹಿಡಿದೆ. ಬಲಗಡೆ ಖಾಲಿ ಇದ್ದ ಜಾಗಕ್ಕೆ ಹುಡುಗಿಯ ತಾಯಿ ಬಂದು ಕೂತರು. ಹೊಸ ಸಂಬಂಧ. ಅವರ ಜೊತೆ ಮಾತಾಡಬೇಕು ಅಂತ ನನಗೂ ಆಸೆ ಇತ್ತು.

ಅವರು ಏನೋ ಕೇಳಿದರು. ನನಗೆ ಸಿಕ್ಕಿದ್ದು "ಮನೆ" ಮತ್ತು "ಎಷ್ಟು". ಇಂಥ ಕಡೆ "ಏನು?" ಅನ್ನಬಾರದು. ಅಂದರೆ ಅವರು ಅದೇ ಮಾತನ್ನು ಅದೇ ಥರ, ಇನ್ನೂ ಜೋರಾಗಿ ಹೇಳುತ್ತಾರೆ. ನಾನು "ಮನೇಲಿ ಎಷ್ಟು ಜನ ಅಂದ್ರಾ, ಮನೆ ಎಷ್ಟು ದೂರ ಅಂದ್ರಾ?" ಅಂತ ಕೇಳಿದೆ. ಅವರು ನನ್ನ ಕಡೆ ಪೂರ್ತಿ ತಿರುಗಿ "ದೂರ, ದೂರ. ಇಲ್ಲಿಂದ ಎಷ್ಟು ದೂರ?" ಅಂದರು. ಆಮೇಲೆ ಊಟ ಮುಗಿಯುವವರೆಗೂ ತಿರುಗಿಯೇ ಮಾತಾಡಿದರು. ನಾನು ಕೇಳಿಕೊಂಡಿರಲೂ ಇಲ್ಲ.

ಆ ತಿರುಗುವುದೊಂದರಿಂದ ಎಷ್ಟು ಬದಲಾಗುತ್ತದೆ ಗೊತ್ತಾ? ಗದ್ದಲದಲ್ಲಿ ಬಹುಬೇಗ ಅಳಿಸಿಹೋಗುವುದು ಪ, ತ, ಕ ಇವುಗಳ ನಡುವಿನ ವ್ಯತ್ಯಾಸ. ಅದೇ ವ್ಯತ್ಯಾಸ ತುಟಿಯ ಮೇಲೆ ಕಾಣುತ್ತದೆ. ಪ ಅನ್ನುವಾಗ ತುಟಿ ಮುಚ್ಚುತ್ತದೆ, ತ ಅನ್ನುವಾಗ ಮುಚ್ಚುವುದಿಲ್ಲ. ಪ, ಬ, ಮ ನೋಡೋಕೆ ಒಂದೇ ಥರ, ಅಲ್ಲಿ ಕಿವಿ ನೆರವಿಗೆ ಬರುತ್ತದೆ. ಮದುವೆಮನೆಯಲ್ಲಿ ವಿಡಿಯೋದವರ ದೀಪ ಮಾತಾಡುವವರ ಬೆನ್ನಿಗಿದ್ದರೆ ಮುಖ ಕಪ್ಪಾಗಿ ಇದೂ ಕೈತಪ್ಪುತ್ತದೆ. ಎರಡು ಸಲ ನಾನೇ ಜಾಗ ಬದಲಿಸಿದೆ.

ಕೂಗುವುದರಿಂದ ಮಾತ್ರ ಪ್ರಯೋಜನ ಇಲ್ಲ. ಕೂಗಿದಾಗ ಸ್ವರಗಳು ಉಬ್ಬುತ್ತವೆ, ವ್ಯಂಜನಗಳು ಹಿಂದೆ ಉಳಿಯುತ್ತವೆ, ತುಟಿಯ ಆಕಾರವೂ ಕೆಡುತ್ತದೆ. ಅದರ ಬದಲು ಹತ್ತಿರ ಬನ್ನಿ. ನಾಲ್ಕಡಿಯಿಂದ ಎರಡಡಿಗೆ ಬಂದರೆ ಮಾತು ಸುಮಾರು 6 ಡೆಸಿಬೆಲ್ ಏರುತ್ತದೆ, ಗದ್ದಲ ಇದ್ದಷ್ಟೇ ಇರುತ್ತದೆ. ಪ್ರೊಸೆಸರಿನ ಎಷ್ಟೋ ಸೆಟ್ಟಿಂಗುಗಳಿಗೆ ಇದು ಕಡಿಮೆಯಲ್ಲ.

ಪುಟ್ಟ ವೈರ್‌ಲೆಸ್ ಮೈಕು ಮಾಡುವುದೂ ಇದನ್ನೇ. ಅದನ್ನು ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದರೆ ಸಾಕು, ಮಾತು ನೇರ ಪ್ರೊಸೆಸರಿಗೆ ಬರುತ್ತದೆ. ಬೆಳಿಗ್ಗೆ ಅಕ್ಕನ ಸೆರಗಿಗೆ ಹಾಕಿದ್ದೆ. ಜರಿಯಂಚು ಉಜ್ಜಿ ಬರೀ ಸರಸರ ಸದ್ದು. ರವಿಕೆಯ ಕೊರಳಂಚಿಗೆ ಬದಲಿಸಿದ ಮೇಲೆ ಅಕ್ಕ ಛತ್ರದ ಆ ಕೊನೆಯಲ್ಲಿ ಅಡುಗೆಯವರ ಜೊತೆ ಎಲೆ ಲೆಕ್ಕ ಹಾಕಿದ್ದೂ ನನಗೆ ಸ್ಪಷ್ಟವಾಗಿ ಕೇಳಿಸಿತು.

ಕಿವಿ ಪರೀಕ್ಷೆ ಅಂದರೆ ನಿಶ್ಶಬ್ದ ಕೋಣೆಯ ಬೀಪ್ ಸದ್ದು ಅಂತಲೇ ಎಷ್ಟೋ ಜನ ತಿಳಿದಿದ್ದಾರೆ. ಗದ್ದಲದ ನಡುವೆ ಕನ್ನಡ ವಾಕ್ಯಗಳನ್ನು ಕೇಳಿಸಿ ನೋಡುವ ಪರೀಕ್ಷೆಯೂ ಇದೆ. ನಮ್ಮೂರಿನ ವಾಕ್ ಶ್ರವಣ ಸಂಸ್ಥೆಯವರೇ ಅದಕ್ಕೆ ವಾಕ್ಯಗಳನ್ನು ಸಿದ್ಧಪಡಿಸಿದ್ದಾರೆ. ವಾಕ್ಯದಿಂದ ವಾಕ್ಯಕ್ಕೆ ಗದ್ದಲ ಏರುತ್ತಾ ಹೋಗುತ್ತದೆ. ಮ್ಯಾಪಿಂಗಿಗೆ, ಅಂದರೆ ಇಂಪ್ಲಾಂಟಿನ ಸೆಟ್ಟಿಂಗ್ ಸರಿಮಾಡಿಸೋಕೆ, ಹೋದಾಗ ಇಂಥ ಪರೀಕ್ಷೆ ಮಾಡಿಸಿ ಅಂತ ನೀವಾಗಿಯೇ ಕೇಳಿ. ಬೀಪ್ ಕೇಳಿಸಿದ ಮಾತ್ರಕ್ಕೆ ಮದುವೆಮನೆಯಲ್ಲಿ ಮಾತು ಕೇಳಿಸುತ್ತದೆ ಅಂತ ಅಲ್ಲ.

ಇವತ್ತು ನೋವಾಗಿದ್ದು ಒಂದೇ ಕಡೆ. ಅಕ್ಕನ ಮಕ್ಕಳೆಲ್ಲ ಸೇರಿ ನಗುತ್ತಿದ್ದರು. "ಏನ್ರೋ ಅದು?" ಅಂದೆ. "ಏನಿಲ್ಲ ಬಿಡಿ ಚಿಕ್ಕಮ್ಮ, ಆಮೇಲೆ ಹೇಳ್ತೀವಿ" ಅಂದರು. ಕೆಟ್ಟ ಮನಸ್ಸಿಲ್ಲ ಅವರಿಗೆ. ಆದರೆ ಆ ಆಮೇಲೆ ಬರುವುದೇ ಇಲ್ಲ. ಎರಡು ಮಾತಲ್ಲಿ ಹೇಳಿ, ಸಾಕು. ಯಾರ ವಿಷಯ ಅಂತ ಹೆಸರು ಹೇಳಿದರೂ ಉಳಿದದ್ದನ್ನು ನಾನು ಹಿಡಿಯುತ್ತೇನೆ.

ಮಂಗಳವಾರ ಬೀಗರೂಟ, ಅಕ್ಕನ ಮನೆಯಲ್ಲೇ. ಶಾಮಿಯಾನದ ಕೆಳಗೆ ಉದ್ದ ಸಾಲಿನ ಬದಲು ಎದುರುಬದುರು ಟೇಬಲ್ ಹಾಕಿಸು, ಸ್ಪೀಕರ್ ಗೇಟಿನ ಹತ್ತಿರ ಇರಲಿ ಅಂತ ಅಕ್ಕನಿಗೆ ಈಗಷ್ಟೇ ಮೆಸೇಜ್ ಹಾಕಿದೆ. "ಆಯ್ತು, ಹುಡುಗಿ ತಾಯಿನೂ ನಿನ್ನ ಎದುರಿಗೇ ಕೂರಿಸ್ತೀನಿ" ಅಂತ ಉತ್ತರ ಬಂದಿದೆ.