ಸ್ಟೈಪೆಂಡ್ ಎಷ್ಟು ಅನ್ನೋದು ಆಮೇಲೆ, ಯಾವಾಗ ಬರುತ್ತೆ ಅಂತ ಮೊದಲು ಕೇಳಿ

ನಾನು ಕಲಬುರಗಿಯ ಒಂದು ಮೆಡಿಕಲ್ ಕಾಲೇಜಿನ ಸಂಶೋಧನಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರ್ ಅಲ್ಲ, ವಿಜ್ಞಾನಿಯೂ ಅಲ್ಲ. ಅನುದಾನದ ಫೈಲು, ಕೊಟೇಶನ್ನು, ಬಿಲ್ಲು, ಯುಟಿಲೈಸೇಶನ್ ಸರ್ಟಿಫಿಕೇಟು (ಬಂದ ಹಣ ಖರ್ಚಾಗಿದೆ ಅನ್ನೋ ಪ್ರಮಾಣಪತ್ರ), ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯ ನೋಟಿಸು, ಇವುಗಳಲ್ಲೇ ನನ್ನ ದಿನ ಹೋಗುತ್ತದೆ. ಎಂಬಿಬಿಎಸ್ ಎರಡನೇ ವರ್ಷದ ಹುಡುಗ ಹುಡುಗಿಯರು ಸಂಶೋಧನೆ ಮಾಡುತ್ತೇವೆ ಅಂತ ನನ್ನ ಟೇಬಲ್ ಹತ್ತಿರ ಬಂದರೆ ಮೊದಲು ಕೇಳುವುದು ಒಂದೇ ಮಾತು. "ಸರ್, ರೊಕ್ಕ ಎಷ್ಟು ಬರ್ತದ್ರಿ?"

ಕೇಳಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಇಷ್ಟು ಫೈಲು ನೋಡಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಪದವಿ ಹಂತದ ಮಕ್ಕಳ ಪ್ರಾಜೆಕ್ಟ್ ನಿಲ್ಲುವುದು ಮೊತ್ತ ಕಡಿಮೆ ಅಂತ ಅಲ್ಲ. ಕೆಲಸ ನಡೆಯುವ ತಿಂಗಳು ಬೇರೆ, ಹಣ ಬರುವ ತಿಂಗಳು ಬೇರೆ. ನಡುವಿನ ಖರ್ಚು ಯಾರ ಜೇಬಿಂದ ಅಂತ ಯಾರೂ ಮೊದಲೇ ಮಾತಾಡಿರುವುದಿಲ್ಲ. ಅಲ್ಲಿಗೆ ನಿಂತು ಹೋಗುತ್ತದೆ.

ಎಲ್ಲರಿಗೂ ಗೊತ್ತಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಂದರೆ ಐಸಿಎಂಆರ್‌ನ ಎಸ್‌ಟಿಎಸ್ ತಗೊಳ್ಳಿ, ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್. 1979ರಲ್ಲಿ ಶುರುವಾದ ಯೋಜನೆ, ಎಂಬಿಬಿಎಸ್ ಮತ್ತು ಬಿಡಿಎಸ್ ಮಕ್ಕಳಿಗೆ. ಎರಡು ತಿಂಗಳ ಕೆಲಸ. ಮೊದಲು ಒಟ್ಟು 20,000 ರೂಪಾಯಿ ಇತ್ತು, ಈಚೆಗೆ 50,000 ಆಗಿದೆ. ವಿದ್ಯಾರ್ಥಿಯೇ ಆನ್‌ಲೈನ್‌ನಲ್ಲಿ ಪ್ರೊಪೋಸಲ್ ಹಾಕಬೇಕು, ಒಬ್ಬ ಗೈಡ್ ಒಂದು ವರ್ಷಕ್ಕೆ ಒಬ್ಬ ವಿದ್ಯಾರ್ಥಿಯನ್ನು ಮಾತ್ರ ತೆಗೆದುಕೊಳ್ಳಬಹುದು. ಪ್ರೊಪೋಸಲ್ ಒಳಗೆ ವಿದ್ಯಾರ್ಥಿ ಯಾರು, ಗೈಡ್ ಯಾರು, ಯಾವ ಕಾಲೇಜು ಅಂತ ಗೊತ್ತಾಗುವ ಹಾಗೆ ಬರೆಯಬಾರದು. ಇದು ನನಗೆ ತುಂಬಾ ಇಷ್ಟವಾದ ನಿಯಮ. ದೊಡ್ಡ ಊರಿನ ದೊಡ್ಡ ಕಾಲೇಜಿನ ಪ್ರೊಪೋಸಲ್ಲೂ ನಮ್ಮದೂ ಓದುವವರ ಮುಂದೆ ಒಂದೇ ಥರ ಕೂರುತ್ತವೆ.

ಆದರೆ ಆ 50,000 ಕೈಗೆ ಬರುವುದು ಕೆಲಸ ಮುಗಿಸಿ, ರಿಪೋರ್ಟ್ ಕಳಿಸಿ, ಅದು ಒಪ್ಪಿಗೆಯಾದ ಮೇಲೆ. ರಿಪೋರ್ಟ್ ತಿರಸ್ಕಾರವಾದರೆ ಸ್ಟೈಪೆಂಡೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಕಿಟ್ಟು, ರಾಸಾಯನಿಕ, ಜೆರಾಕ್ಸು, ಓಡಾಟ ಇವಕ್ಕೆ ಅಂತ ಬೇರೆ ದುಡ್ಡು ಮುಂಗಡವಾಗಿ ಬರುವುದಿಲ್ಲ. ಚಿಂಚೋಳಿ ಕಡೆಯ ಒಬ್ಬ ಹುಡುಗಿಗೆ ಇದನ್ನು ವಿವರಿಸಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ನಮ್ಮಪ್ಪಗ ತೊಗರಿ ರಾಶಿ ಆದ ಮ್ಯಾಲೇ ರೊಕ್ಕ ಬರ್ತದ್ರಿ ಸರ್, ಬೀಜ ಗೊಬ್ಬರ ಮೊದಲೇ ತರಬೇಕು. ಇದೂ ಹಂಗೇ ಅದ ಅಲ್ರೀ?" ಅಂದಳು. ಇದಕ್ಕಿಂತ ಚೆನ್ನಾಗಿ ಈ ಯೋಜನೆಯನ್ನು ಯಾವ ಪ್ರೊಫೆಸರ್ರೂ ನನಗೆ ವಿವರಿಸಿಲ್ಲ.

ಅವಳು ತಂದಿದ್ದು ಗರ್ಭಿಣಿಯರ ಫೆರಿಟಿನ್ ಅಳೆಯುವ ಪ್ರಾಜೆಕ್ಟು. ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಅದು ತೋರಿಸುತ್ತದೆ. ನಮ್ಮ ಭಾಗದಲ್ಲಿ ರಕ್ತಹೀನತೆ ಎಷ್ಟು ಜಾಸ್ತಿ ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಪ್ರಶ್ನೆ ಚೆನ್ನಾಗಿತ್ತು, ಗೈಡೂ ಒಳ್ಳೆಯವರು. 60 ಜನರ ರಕ್ತ ಅಂತ ಬರೆದಿದ್ದರು, ಎಲೈಸಾ ಕಿಟ್ (ರಕ್ತದಲ್ಲಿ ಫೆರಿಟಿನ್ ಎಷ್ಟಿದೆ ಅಂತ ಅಳೆಯುವ ಸಾಮಾನು) ಒಂದು ಅಂತ ಬಜೆಟ್‌ನಲ್ಲಿ ಹಾಕಿದ್ದರು.

ಇಲ್ಲಿ ಲೆಕ್ಕ ನೋಡಿ. ಎಲೈಸಾ ಪ್ಲೇಟಿನಲ್ಲಿ 96 ಗುಳಿ ಇರುತ್ತವೆ. 96 ಜನರಿಗೆ ಆಗುತ್ತದೆ ಅಂತ ಹೊಸಬರು ತಿಳಿಯುತ್ತಾರೆ. ಆದರೆ ಸ್ಟ್ಯಾಂಡರ್ಡ್‌ಗಳು, ಬ್ಲ್ಯಾಂಕು (ಹೋಲಿಕೆಗೆ ಹಾಕುವ ದ್ರಾವಣಗಳು) ಸೇರಿ ಎಂಟು, ಅವನ್ನೂ ಜೋಡಿಯಾಗಿ ಹಾಕಬೇಕು, ಹಾಗಾಗಿ 16 ಗುಳಿ ಅಲ್ಲೇ ಹೋಯಿತು. ಉಳಿದದ್ದು 80. ಪ್ರತಿ ಸ್ಯಾಂಪಲ್ಲನ್ನೂ ಎರಡು ಸಲ ಹಾಕಿದರೆ 40 ಜನ, ಮುಗಿಯಿತು. 60 ಜನ ಬೇಕು ಅಂದರೆ ಎರಡು ಕಿಟ್ ತರಬೇಕು, ಎರಡನೆಯದರಲ್ಲಿ ಅರ್ಧ ಹಾಳು. ಕಂಪನಿ ನೋಡಿಕೊಂಡು ಒಂದೊಂದು ಕಿಟ್‌ಗೆ ಹದಿನೈದು ಸಾವಿರದಿಂದ ಮೂವತ್ತು ನಲವತ್ತು ಸಾವಿರದವರೆಗೂ ಹೋಗುತ್ತದೆ. ಎರಡು ಕಿಟ್ ತಂದರೆ ಬರಬೇಕಾದ ಸ್ಟೈಪೆಂಡಿನ ಅರ್ಧಕ್ಕಿಂತ ಜಾಸ್ತಿ ಬರುವ ಮೊದಲೇ ಖಾಲಿ. 40 ಅಥವಾ 80, ಇವೆರಡರಲ್ಲಿ ಒಂದನ್ನು ಮೊದಲೇ ಆರಿಸಿಕೊಳ್ಳಿ ಅಂತ ಈಗ ನಾನು ಎಲ್ಲರಿಗೂ ಹೇಳುತ್ತೇನೆ. ಸ್ಟ್ಯಾಟಿಸ್ಟಿಕ್ಸ್ ಮೇಡಂ ಹೇಳಿದ ಸಂಖ್ಯೆಯನ್ನೂ ಪ್ಲೇಟಿನ ಗುಳಿಯನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಬೇಕು. ಯಾಕೋ ಏನೋ, ಯಾರೂ ಬರೆಯುವುದಿಲ್ಲ.

ಕಿಟ್‌ಗೆ ದುಡ್ಡು ಇದ್ದರೂ ಕಥೆ ಮುಗಿಯುವುದಿಲ್ಲ. ಕಿಟ್ಟನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಹಾಕಿ ಕಳಿಸುತ್ತಾರೆ. ಮೇ ತಿಂಗಳ ಕಲಬುರಗಿ ಬಿಸಿಲು, 42 ಡಿಗ್ರಿ ಅನ್ನೋದು ಇಲ್ಲಿ ಸುದ್ದಿಯೇ ಅಲ್ಲ. ಶನಿವಾರ ಸಂಜೆ ಬಂದ ಪಾರ್ಸೆಲ್ ಕೊರಿಯರ್ ಆಫೀಸಿನಲ್ಲಿ ಸೋಮವಾರದವರೆಗೆ ಕೂತರೆ ಒಳಗಿನ ಐಸ್ ಪ್ಯಾಕು ಬೆಚ್ಚಗಿನ ನೀರಿನ ಚೀಲವಾಗಿರುತ್ತದೆ. ಹಾಗಾಗಿ ಪಾರ್ಸೆಲ್ ಸೋಮವಾರ ಅಥವಾ ಮಂಗಳವಾರ ಹೊರಡಬೇಕು ಅಂತ ಆರ್ಡರಿನಲ್ಲೇ ಬರೆಯಿಸುತ್ತೇನೆ. ಇನ್ನು ಏಪ್ರಿಲ್, ಮೇನಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಹೊರಗಿನಿಂದ ಒಂದು ಸಹಿ ಬರಬೇಕಿದ್ದರೆ ಹನ್ನೊಂದು ಗಂಟೆಗೆ ಹೋಗಿ ನಿಂತವನ ಆ ದಿನದ ಕೆಲಸ ಆದ ಹಾಗೇ. ಮಕ್ಕಳಿಗೆ ರಜೆ ಸಿಗುವುದೂ ಬೇಸಿಗೆಯಲ್ಲೇ, ಎಲ್ಲ ನಿಧಾನವಾಗುವುದೂ ಬೇಸಿಗೆಯಲ್ಲೇ.

ಕೊನೆಗೆ ಆ ಹುಡುಗಿಯ ಪ್ರಾಜೆಕ್ಟ್ ಬದಲಾಯಿಸಿದ್ದು ಪೆಥಾಲಜಿಯ ಒಬ್ಬ ಮೇಡಂ. ಅವರು ಒಂದೇ ಪ್ರಶ್ನೆ ಕೇಳಿದರು. "ಆಸ್ಪತ್ರೆ ದಿನಾ ಹೆಂಗೂ ಮಾಡ್ತಿರೋ ಟೆಸ್ಟಿನಾಗ ನಿನಗ ಬೇಕಾದ್ದು ಏನದ ನೋಡಿದಿ ಏನವ್ವಾ?" ಹೊರರೋಗಿಗಳ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ದಿನವೂ ಆಗುತ್ತದೆ. ಸೆಲ್ ಕೌಂಟರ್ ಯಂತ್ರ ಹಿಮೋಗ್ಲೋಬಿನ್ ಜೊತೆಗೆ ಎಂಸಿವಿಯನ್ನೂ (ಕೆಂಪು ಕಣದ ಸರಾಸರಿ ಗಾತ್ರ) ಕೆಂಪು ಕಣಗಳ ಸಂಖ್ಯೆಯನ್ನೂ ಕೊಡುತ್ತದೆ. ಎಂಸಿವಿಯನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಮೆಂಟ್ಜರ್ ಇಂಡೆಕ್ಸ್. 1973ರಿಂದ ಬಳಕೆಯಲ್ಲಿರುವ ಹಳೇ ಲೆಕ್ಕ. 13ಕ್ಕಿಂತ ಜಾಸ್ತಿ ಇದ್ದರೆ ಕಬ್ಬಿಣದ ಕೊರತೆ ಇರಬಹುದು, ಕಡಿಮೆ ಇದ್ದರೆ ಥಲಸೀಮಿಯಾ ಟ್ರೇಟ್ (ಅನುವಂಶಿಕವಾಗಿ ಬರುವ ಹಿಮೋಗ್ಲೋಬಿನ್ ದೋಷ) ಇರಬಹುದು. ಉದಾಹರಣೆಗೆ ಎಂಸಿವಿ 66, ಕೆಂಪು ಕಣ 5.5 ಮಿಲಿಯನ್ ಅಂದರೆ 12. ಅದೇ ಎಂಸಿವಿಗೆ ಕೆಂಪು ಕಣ 4 ಇದ್ದರೆ 16.5. ಎರಡೂ ಕಡೆ ಹಿಮೋಗ್ಲೋಬಿನ್ ಕಡಿಮೆಯೇ, ಇಬ್ಬರಿಗೂ ಅದೇ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿರುತ್ತಾರೆ.

ಟ್ರೇಟ್ ಇದೆ ಅಂತ ಖಚಿತವಾಗಿ ಹೇಳಬೇಕಾದರೆ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿಯಲ್ಲಿ ಹಿಮೋಗ್ಲೋಬಿನ್ ಎ2 ನೋಡಲೇಬೇಕು, ಅದಕ್ಕೆ ಮತ್ತೆ ದುಡ್ಡು. ಹಾಗಾಗಿ ಅವಳು ಶೀರ್ಷಿಕೆಯಲ್ಲೇ ಎಚ್ಚರ ವಹಿಸಿದಳು. ಥಲಸೀಮಿಯಾ ಎಷ್ಟು ಅಂತ ಬರೆಯಲಿಲ್ಲ. ಸಣ್ಣ ಕಣದ ರಕ್ತಹೀನತೆ ಇರುವವರಲ್ಲಿ ಎಷ್ಟು ಜನರ ಇಂಡೆಕ್ಸ್ 13ಕ್ಕಿಂತ ಕೆಳಗಿದೆ ಅಂತಷ್ಟೇ ಬರೆದಳು. ಸಣ್ಣ ಪ್ರಶ್ನೆ. ಆದರೆ ಕಿಟ್ ಖರ್ಚು ಸೊನ್ನೆ. ಹೆಸರು ತೆಗೆದ ದಾಖಲೆ ಮಾತ್ರ ಬಳಸುವುದರಿಂದ ಪ್ರತಿಯೊಬ್ಬರ ಒಪ್ಪಿಗೆ ಪತ್ರಕ್ಕೆ ಎಥಿಕ್ಸ್ ಕಮಿಟಿ ವಿನಾಯಿತಿ ಕೊಡಬಹುದು, ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಅದಕ್ಕೆ ದಾರಿ ಇದೆ. ನಮ್ಮ ಕಮಿಟಿ ಕೊಟ್ಟಿತು. ಹಾಗಂತ ಕಮಿಟಿಗೆ ಹೋಗದೆ ನಾವೇ ತೀರ್ಮಾನ ಮಾಡಿಕೊಳ್ಳುವ ಹಾಗಿಲ್ಲ, ಇದನ್ನು ಮಕ್ಕಳಿಗಿಂತ ಜಾಸ್ತಿ ಗೈಡ್‌ಗಳಿಗೆ ಹೇಳಬೇಕಾಗುತ್ತದೆ.

ಖರ್ಚಿಲ್ಲದ ಪ್ರಾಜೆಕ್ಟ್ ಅಂದ ತಕ್ಷಣ ಎಲ್ಲರೂ ಓಡುವುದು ಪ್ರಶ್ನಾವಳಿ ಕಡೆಗೆ. ಡಯಾಬಿಟಿಸ್ ಬಗ್ಗೆ ಜನರ ತಿಳುವಳಿಕೆ, ರಕ್ತದಾನದ ಬಗ್ಗೆ ವಿದ್ಯಾರ್ಥಿಗಳ ಮನೋಭಾವ, ಹೀಗೆ. ನನಗೆ ಇವು ಕಂಡರೆ ಬೇಜಾರು. ಅರ್ಧಕ್ಕರ್ಧ ತಮ್ಮ ಹಾಸ್ಟೆಲ್ ಗೆಳೆಯರಿಂದಲೇ ಗೂಗಲ್ ಫಾರ್ಮ್ ತುಂಬಿಸಿ ತರುತ್ತಾರೆ. ಖರ್ಚು ಇಲ್ಲ ನಿಜ, ಕಲಿತದ್ದೂ ಇಲ್ಲ. ಆಸ್ಪತ್ರೆಯ ಲ್ಯಾಬ್ ರಿಜಿಸ್ಟರ್, ಬ್ಲಡ್ ಬ್ಯಾಂಕ್ ದಾಖಲೆ, ಆಂಟಿಬಯಾಟಿಕ್ ಸೆನ್ಸಿಟಿವಿಟಿ ರಿಪೋರ್ಟು, ಇವೆಲ್ಲ ದುಡ್ಡು ಕೇಳದೆ ಬಿದ್ದಿವೆ. ಹಳೇ ರಿಜಿಸ್ಟರಿನ ಧೂಳು ಮೂಗಿಗೆ ಹೋಗುತ್ತದೆ, ಅಷ್ಟೇ.

ಹಳ್ಳಿಗೆ ಹೋಗಿ ಮಾಡುವ ಪ್ರಾಜೆಕ್ಟ್‌ಗಳ ವಿಷಯದಲ್ಲಿ ಒಂದು ತಮಾಷೆ ಆಗಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರಾಜ್ಯದ ಹುಡುಗಿಯರಿಗೆ ಸಾರಿಗೆ ಬಸ್ಸು ಉಚಿತ. ಜೇವರ್ಗಿಗೋ ಸೇಡಂಗೋ ಹೋಗಿ ಬರುವ ಖರ್ಚು ಅವರ ಬಜೆಟ್‌ನಿಂದ ಮಾಯ. ಹುಡುಗರು ಟಿಕೆಟ್ ತೆಗೆದುಕೊಂಡು ಗೊಣಗುತ್ತಾರೆ. ಯಾವ ಸಂಶೋಧನಾ ಅನುದಾನವೂ ಮಾಡದ ಕೆಲಸವನ್ನು ಬಸ್ಸಿನ ಯೋಜನೆ ಮಾಡಿತು, ಏನು ಹೇಳೋಣ.

ಹಣವನ್ನು ವಿದ್ಯಾರ್ಥಿಗೆ ಕೊಡುವ ಬದಲು ಸಂಸ್ಥೆಗೇ ಕೊಡುವ ಪದ್ಧತಿಯೂ ಇದೆ. ನಮ್ಮಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ, ಅಂದರೆ ಡಿಬಿಟಿಯ ಸ್ಟಾರ್ ಕಾಲೇಜ್ ಯೋಜನೆ ಹಾಗಿದೆ, ಪದವಿ ಕಾಲೇಜುಗಳ ವಿಜ್ಞಾನ ವಿಭಾಗಗಳಿಗೆ. ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಪದವಿ ಹಂತದ ತರಬೇತಿಗೆ ಟಿ34 ಅನ್ನುವ ಒಂದು ಬಗೆಯ ಅನುದಾನವಿದೆ. ಅದರಲ್ಲಿ ಅರ್ಜಿ ಹಾಕುವುದು ವಿದ್ಯಾರ್ಥಿಯಲ್ಲ, ಕಾಲೇಜು. ಐದು ವರ್ಷದವರೆಗೆ ನಡೆಸಬಹುದಾದ ಒಂದು ತರಬೇತಿ ಕಾರ್ಯಕ್ರಮವನ್ನು ಕಾಲೇಜು ಬರೆದು ಕೊಡಬೇಕು, ಮಕ್ಕಳನ್ನು ಆರಿಸುವುದೂ ಕಾಲೇಜೇ. ಓದುತ್ತಾ ಲ್ಯಾಬಿನಲ್ಲಿ ಕೆಲಸ ಮಾಡುವಾಗಲೇ ಆ ಮಕ್ಕಳಿಗೆ ಸ್ಟೈಪೆಂಡ್ ಸಿಗುತ್ತದೆ, ಫೀಸಿಗೂ ಪ್ರಯಾಣಕ್ಕೂ ಪಾಲು ಇರುತ್ತದೆ. ಸಂಸ್ಥೆ ತನ್ನ ಕರೆಂಟು, ಕಚೇರಿ ಖರ್ಚಿಗೆ ಅಂತ ಹಿಡಿದುಕೊಳ್ಳುವ ಪಾಲಿಗೆ ಇಂಥ ತರಬೇತಿ ಅನುದಾನದಲ್ಲಿ ಶೇ. 8ರ ಮಿತಿ. ಲೆಕ್ಕದವನಾಗಿ ನನ್ನ ಕಣ್ಣು ಹೋಗಿದ್ದು ಅಲ್ಲಿಗೇ. ದುಡ್ಡು ಯಾರ ಹೆಸರಲ್ಲಿ ಬರುತ್ತದೋ ಆ ಹೆಸರಿನ ಹತ್ತಿರವೇ ಉಳಿದುಬಿಡುವ ರೋಗ ಎಲ್ಲ ಕಡೆ ಇದೆ ಅಂತಾಯಿತು, ಇಲ್ಲದಿದ್ದರೆ ಮಿತಿ ಯಾಕೆ?

ಹಾಗಂತ ಸಂಸ್ಥೆಗೆ ಬಂದರೆ ಎಲ್ಲ ಸರಿಹೋಗುತ್ತದೆ ಅಂತಲ್ಲ. ನಮ್ಮಲ್ಲಿ ಮಂಜೂರಾದ ಹಣ ಜನವರಿ, ಫೆಬ್ರವರಿಯಲ್ಲಿ ಖಾತೆಗೆ ಬಂದು, ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕಾಗಿ ಬರುವುದುಂಟು. ಮೊದಲ ಕಂತಿನ ಯುಟಿಲೈಸೇಶನ್ ಸರ್ಟಿಫಿಕೇಟ್ ಹೋಗದೆ ಎರಡನೇ ಕಂತು ಬರುವುದಿಲ್ಲ. ಆ ಗಡಿಬಿಡಿಯಲ್ಲಿ ಯಾರಿಗೂ ಬೇಡದ ಯಂತ್ರ ಬಂದು ಮೂಲೆಯಲ್ಲಿ ಕೂತಿರುತ್ತದೆ, ಮಕ್ಕಳಿಗೆ ಬೇಕಾದ ಟಿಪ್ಸು, ಟ್ಯೂಬು, ಕೈಗವಸು ಇರುವುದಿಲ್ಲ. ಒಂದು ಹೆಡ್‌ನ (ಖರ್ಚಿನ ಶೀರ್ಷಿಕೆಯ) ಹಣವನ್ನು ಇನ್ನೊಂದಕ್ಕೆ ಹಾಕಲು ಅನುಮತಿ ಬೇಕು, ಅನುಮತಿ ಬರುವಷ್ಟರಲ್ಲಿ ಏಪ್ರಿಲ್.

ಕೊನೆಯ ಹಂತದಲ್ಲಿ ಬ್ಯಾಂಕ್ ಖಾತೆಯ ರಗಳೆ ಒಂದಿದೆ. ಕೆಲವು ಮಕ್ಕಳ ಖಾತೆ ಶಾಲೆಯಲ್ಲಿದ್ದಾಗ ಸ್ಕಾಲರ್‌ಶಿಪ್‌ಗೆ ಅಂತ ಊರಿನ ಬ್ಯಾಂಕಿನಲ್ಲಿ ತೆರೆದದ್ದು. ಕೆವೈಸಿ ಆಗಿರುವುದಿಲ್ಲ, ವರ್ಷಗಟ್ಟಲೆ ವ್ಯವಹಾರ ಇಲ್ಲದೆ ಖಾತೆ ನಿಷ್ಕ್ರಿಯವಾಗಿರುತ್ತದೆ. ಪೂರ್ತಿ ದಾಖಲೆ ಇಲ್ಲದೆ ತೆರೆದ ಸ್ಮಾಲ್ ಅಕೌಂಟ್ ಆಗಿದ್ದರೆ ಅದರಲ್ಲಿ ಸಾಮಾನ್ಯವಾಗಿ 50,000ಕ್ಕಿಂತ ಜಾಸ್ತಿ ಬಾಕಿ ಇರುವ ಹಾಗಿಲ್ಲ. ಅದರಲ್ಲಿ ಮೊದಲೇ ಮುನ್ನೂರು ರೂಪಾಯಿ ಇತ್ತು ಅನ್ನಿ, ಆಗ ಸ್ಟೈಪೆಂಡ್ ಅಲ್ಲಿ ಹಿಡಿಯದೆ ಹೋಗಬಹುದು. ಎಲ್ಲ ಕಷ್ಟಪಟ್ಟು ಮಾಡಿ ಕೊನೆಗೆ ಇಲ್ಲಿ ಸಿಕ್ಕಿಬೀಳಬಾರದು ನೋಡಿ. ಅರ್ಜಿ ಹಾಕುವ ವಾರದಲ್ಲೇ ಪಾಸ್‌ಬುಕ್ ತಂದು ತೋರಿಸು ಅಂತ ಹೇಳುತ್ತೇನೆ. ಮಕ್ಕಳು ನಗುತ್ತಾರೆ, ಇನ್ನೂ ಆಯ್ಕೆಯೇ ಆಗಿಲ್ಲ ಸರ್ ಅಂತ. ನಗಲಿ.

ಇದನ್ನೆಲ್ಲ ನೋಡಿ ನಮ್ಮ ವಿಭಾಗದಿಂದ ಒಂದು ಸಣ್ಣ ವ್ಯವಸ್ಥೆ ಬರೆದು ಕೊಟ್ಟೆವು. ಮೊದಲ ಕರಡಿನಲ್ಲಿ ವಿದ್ಯಾರ್ಥಿಗೆ ಮುಂಗಡ ಕೊಡುವುದು, ಸ್ಟೈಪೆಂಡ್ ಬಂದ ಮೇಲೆ ವಾಪಸ್ ಪಡೆಯುವುದು ಅಂತಿತ್ತು. ಫೈನಾನ್ಸ್ ಆಫೀಸರ್ ಒಂದೇ ಮಾತಲ್ಲಿ ತಳ್ಳಿಹಾಕಿದರು. "ರಿಪೋರ್ಟ್ ಫೇಲಾದ್ರ ಆ ಹುಡುಗನ ಮನಿಗಿ ಹೋಗಿ ವಸೂಲಿ ಮಾಡ್ತೀರೇನ್ರಿ?" ಸಿಟ್ಟು ಬಂತು, ಆದರೆ ಅವರ ಮಾತು ಸರಿಯಾಗಿತ್ತು. ಓದುವ ಮಕ್ಕಳನ್ನು ಸಾಲಗಾರರನ್ನಾಗಿ ಮಾಡುವ ಯೋಜನೆ ಅದು.

ಈಗಿನ ರೂಪ ಬೇರೆ. ವಿದ್ಯಾರ್ಥಿಯ ಕೈಗೆ ದುಡ್ಡು ಹೋಗುವುದೇ ಇಲ್ಲ. ಎಥಿಕ್ಸ್ ಅನುಮತಿ ಸಿಕ್ಕ ಪ್ರಾಜೆಕ್ಟಿಗೆ ಬೇಕಾದ ಸಾಮಾನನ್ನು ಒಂದು ಮಿತಿಯೊಳಗೆ ಆಯಾ ವಿಭಾಗವೇ ತನ್ನ ವರ್ಷದ ಕನ್ಸ್ಯೂಮಬಲ್ಸ್ ಇಂಡೆಂಟ್ (ಬಳಸಿ ಮುಗಿಯುವ ಸಾಮಾನಿನ ಬೇಡಿಕೆ ಪಟ್ಟಿ) ಜೊತೆ ಸೇರಿಸಿ ತರಿಸುತ್ತದೆ. ಬಿಲ್ಲು ವಿಭಾಗದ ಹೆಸರಿಗೆ, ಸ್ಟಾಕ್ ರಿಜಿಸ್ಟರಿನಲ್ಲಿ ನಮೂದು, ಉಳಿದದ್ದು ವಿಭಾಗದ ಪ್ರಾಕ್ಟಿಕಲ್ ಕ್ಲಾಸಿಗೆ. ರಿಪೋರ್ಟ್ ಒಪ್ಪಿಗೆಯಾಗಲಿ ಬಿಡಲಿ, ವಸೂಲಿಯ ಪ್ರಶ್ನೆ ಬರುವುದಿಲ್ಲ. ಕಷ್ಟ ಒಂದೇ. ಇಂಡೆಂಟ್ ಹೋಗುವುದು ವರ್ಷಕ್ಕೊಮ್ಮೆ, ಆ ಹೊತ್ತಿಗೆ ಯಾವ ಮಕ್ಕಳು ಆಯ್ಕೆಯಾಗುತ್ತಾರೆ ಅಂತ ಗೊತ್ತಿರುವುದಿಲ್ಲ. ಅದಕ್ಕೆ ಯಾರೇ ಬಂದರೂ ಬೇಕಾಗುವ ವ್ಯಾಕ್ಯುಟೇನರ್, ಮೈಕ್ರೋಪಿಪೆಟ್ ಟಿಪ್ಸು, ಕ್ರಯೋವಯಲ್ ಇಂಥವನ್ನು ಮಾತ್ರ ಸದ್ಯಕ್ಕೆ ಸೇರಿಸಿದ್ದೇವೆ. ಕಿಟ್‌ಗಳ ವಿಷಯ ಇನ್ನೂ ಬಗೆಹರಿದಿಲ್ಲ. ಬೀದರ್, ಯಾದಗಿರಿ, ರಾಯಚೂರು ಕಡೆ ಯಾರಾದರೂ ನಿಮ್ಮ ಕಾಲೇಜಿನಲ್ಲಿ ಇದಕ್ಕೆ ದಾರಿ ಮಾಡಿಕೊಂಡಿದ್ದರೆ, ಯಾವ ಹೆಡ್‌ನಲ್ಲಿ ತೋರಿಸುತ್ತೀರಿ, ಆಡಿಟ್‌ನವರು ಏನಂದರು ಅಂತ ಸ್ವಲ್ಪ ಬರೆದು ತಿಳಿಸಿ. ಮುಂದಿನ ಇಂಡೆಂಟ್ ಹೋಗುವುದರೊಳಗೆ ನನಗೆ ಅದು ಬೇಕು.