ಅಜ್ಜಿ ಇವರಿಂದ ಕಲಿತರಾ?

ಕಳೆದ ವಾರ ಶಾಲೆಯವರು ಮಕ್ಕಳನ್ನು ನಾವಿರುವ ಸ್ವಿಟ್ಜರ್ಲೆಂಡಿನ ಓನ್ಸೆರ್ನೋನೆ ಕಣಿವೆಯ ಲೋಕೋ ಎಂಬ ಹಳ್ಳಿಯ ನೀರಿನ ಗಿರಣಿಗೆ ಕರೆದುಕೊಂಡು ಹೋಗಿದ್ದರು. ಮಗಳು ತಂದ ಕಾಗದದ ಪೊಟ್ಟಣ ಬಿಚ್ಚಿದರೆ ಅಡುಗೆಮನೆ ತುಂಬ ಹುರಿದ ಕಾಳಿನ ಘಮ. ಫರೀನಾ ಬೋನಾ, ಹುರಿದ ಮೆಕ್ಕೆಜೋಳದ ಹಿಟ್ಟು. ನಾನೊಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಅವಳ ಪ್ರಶ್ನೆ ಬಂತು: "ಅಮ್ಮಾ, ಅಜ್ಜಿ ಇಲ್ಲಿಗೆ ಬಂದಿದ್ದಾಗ ಹುರಿಹಿಟ್ಟು ಮಾಡುವುದನ್ನು ಇವರಿಂದ ಕಲಿತರಾ?"

ಆಗ ನಕ್ಕುಬಿಟ್ಟೆ. ರಾತ್ರಿ ಪಾತ್ರೆ ತೊಳೆಯುವಾಗ ಆ ಮಾತು ಚುಚ್ಚತೊಡಗಿತು.

ಸ್ವಿಟ್ಜರ್ಲೆಂಡಿನ ಈ ಟಿಚಿನೋ ಸೀಮೆಯಲ್ಲಿ ಮೆಕ್ಕೆಜೋಳವನ್ನು ಹುರಿದು ನುಣ್ಣಗೆ ಬೀಸುತ್ತಾರೆ. ಹಾಲಿಗೋ ನೀರಿಗೋ, ದೊಡ್ಡವರಾದರೆ ವೈನಿಗೋ ಕಲಸಿಕೊಂಡು ತಿನ್ನುತ್ತಾರೆ. ಆ ಕಡಿದಾದ ಕಣಿವೆಯಲ್ಲಿ ಜನ ಹುಲ್ಲು ಹೆಣೆದು ಟೋಪಿ, ಚೀಲ ಮಾಡಿ ಬದುಕಿದವರು. ಅದೂ ಸಾಲದೆ ಎಷ್ಟೋ ಮಂದಿ ದೇಶಾಂತರ ಹೋದರು. ಅಂಥವರ ಹಿಟ್ಟು ಕಳೆದ ಶತಮಾನದಲ್ಲಿ ಹೆಚ್ಚುಕಡಿಮೆ ಮರೆತೇ ಹೋಗಿತ್ತು. ಆಮೇಲೆ ಯಾರೋ ಹಟ ತೊಟ್ಟು ಮತ್ತೆ ಬೀಸತೊಡಗಿದರು. ಈಗ ಅದು ಹಳೆಯ ಊಟತಿಂಡಿಗಳನ್ನು ಉಳಿಸಲು ಹೊರಟ ಸ್ಲೋ ಫುಡ್ ಸಂಘಟನೆಯ ಪಟ್ಟಿಯಲ್ಲಿದೆ, ಐಸ್‌ಕ್ರೀಮಿಗೂ ಬೀಳುತ್ತದೆ.

ಮಗಳಿಗೆ ಹುರಿಹಿಟ್ಟು ಎಂದರೆ ಲೊಕಾರ್ನೋದ ನಮ್ಮ ಅಡುಗೆಮನೆ. ಮಗ ಹುಟ್ಟಿದಾಗ ಅವ್ವ ಬಾಣಂತನಕ್ಕೆಂದು ಬಂದಳು. ತುಪ್ಪ ತರುವಂತಿಲ್ಲ ಎಂದಿದ್ದಕ್ಕೆ ಬೈದುಕೊಂಡು, ಪೆಟ್ಟಿಗೆಯಲ್ಲಿ ಉಳಿದ ಜಾಗಕ್ಕೆಲ್ಲ ಹಿಟ್ಟು ತುಂಬಿದ್ದಳು. ರಾಗಿಗೆ ಮಜ್ಜಿಗೆ ನೀರು ಚಿಮುಕಿಸಿ, ರಾತ್ರಿಯಿಡೀ ನೆನೆಗೊಟ್ಟು, ಕಾದ ಮರಳಿನಲ್ಲಿ ಅರಳಿಸಿ, ಜರಡಿ ಹಿಡಿದು ಬೀಸಿಸಿದ ಹಿಟ್ಟು. ಸ್ಟೀಲು ಬಟ್ಟಲಿನಲ್ಲಿ ಮೊದಲು ಬೆಲ್ಲ ಪುಡಿ ಮಾಡಿ ಹಿಟ್ಟಿಗೆ ಬೆರಳ ತುದಿಯಿಂದ ಉಜ್ಜುವಳು. ಹಾಲು ಕೊನೆಗೆ, ಅದೂ ಚೂರುಚೂರೇ. ಅವಸರ ಮಾಡಿದರೆ ಗಂಟಾಗುತ್ತದೆ ಎಂದು ಮೊಮ್ಮಗಳ ಕೈಗೆ ಮೆತ್ತಗೆ ಒಂದು ಏಟು.

ಒಂದು ಮಧ್ಯಾಹ್ನ ಕೆಳಮನೆಯ ಮುದುಕಿ ಮಗುವಿಗೆ ಉಣ್ಣೆಯ ಕಾಲುಚೀಲ ಹೆಣೆದು ತಂದರು. ಬಂದವರನ್ನು ಬರಿಬಾಯಲ್ಲಿ ಕಳಿಸುವವಳಲ್ಲ ಅವ್ವ. ಒಂದು ಉಂಡೆ ಕಟ್ಟಿ ಅವರ ಅಂಗೈಗಿಟ್ಟಳು. ಆಕೆ ಮೂಸಿ ನೋಡಿ, ಕಚ್ಚಿ, ಅವ್ವನ ಮಣಿಕಟ್ಟು ಹಿಡಿದುಕೊಂಡು ತಮ್ಮ ಹಳ್ಳಿಯ ಆಡುಮಾತಿನಲ್ಲಿ ಏನೇನೋ ಹೇಳತೊಡಗಿದರು. ನನ್ನ ತರಗತಿಯ ಇಟಾಲಿಯನ್‌ಗೆ ಅದು ದಕ್ಕಲಿಲ್ಲ. ಅವ್ವ ಕನ್ನಡದಲ್ಲೇ ಉತ್ತರಿಸಿದಳು. ಮಾತು ಬಹಳ ಹೊತ್ತು ನಡೆಯಿತು. ಅವರು ಹೋದ ಮೇಲೆ ಅವ್ವ ಹೇಳಿದಳು, "ಅವರ ತಾಯಿಯೂ ಹುರಿಯುತ್ತಿದ್ದರಂತೆ ಕಣೇ." ನಿನಗೆ ಹೇಗೆ ಗೊತ್ತಾಯಿತು ಎಂದರೆ, "ಬಾಣಲೆಯಲ್ಲಿ ಕೈಯಾಡಿಸಿ ತೋರಿಸಲಿಲ್ಲವೇ, ನಿನಗೆ ಕಣ್ಣಿಲ್ಲವೇ?"

ತುರುವೇಕೆರೆ ಕಡೆಯ ನಮ್ಮ ಮನೆಯಲ್ಲಿ ಇದೇ ಅವ್ವ, ಬೆಂಗಳೂರಿನ ನೆಂಟರು ಬಂದರೆ ಹುರಿಹಿಟ್ಟಿನ ಡಬ್ಬಿಯನ್ನು ಅಟ್ಟಕ್ಕೆ ಸೇರಿಸಿ, ಬೇಕರಿ ಬಿಸ್ಕತ್ತು ತರಿಸುತ್ತಿದ್ದಳು. ರಾಗಿ ತಿನ್ನುವ ಮನೆ ಅನ್ನಿಸಿಕೊಳ್ಳುವ ಅಳುಕು. ಅವ್ವನೊಬ್ಬಳದ್ದಲ್ಲ, ಇಡೀ ಸೀಮೆಯದ್ದು. ಈಗ ಅದೇ ನೆಂಟರು ಸಕ್ಕರೆ ಕಾಯಿಲೆ ಬಂದ ಮೇಲೆ ರಾಗಿಯ ಮಹಿಮೆಯನ್ನು ನನಗೆ ವಾಟ್ಸಾಪಿನಲ್ಲಿ ಕಳಿಸುತ್ತಾರೆ. 2023 ಸಿರಿಧಾನ್ಯ ವರ್ಷವೆಂದು ವಿಶ್ವಸಂಸ್ಥೆಯೇ ಸಾರಬೇಕಾಯಿತು, ನಮಗೆ ನಮ್ಮ ಹೊಲ ಕಾಣುವುದಕ್ಕೆ.

ಅವ್ವ ಹೋದ ಮೇಲೆ ಊರಿನ ಮನೆಯಲ್ಲಿ ಯಾರೂ ಹುರಿದಿಲ್ಲ. ಹೋದ ಸಲ ಮಗಳಿಗೆ ಅಲ್ಲಿ ಬೆಳಗಿನ ತಿಂಡಿಗೆ ಸಿಕ್ಕಿದ್ದು ಕಾರ್ನ್‌ಫ್ಲೇಕ್ಸ್, ಅದೂ ವಿದೇಶದಿಂದ ಬಂದ ಮಗು ಎಂಬ ಮುತುವರ್ಜಿಯಿಂದ. ಅತ್ತಿಗೆಯನ್ನು ದೂರಲಾರೆ. ಹಸು, ತೋಟ, ಅಂಗನವಾಡಿ ಕೆಲಸದ ನಡುವೆ ಮರಳು ಕಾಯಿಸುತ್ತ ಕೂರುವುದಕ್ಕೆ ಅವಳಿಗೆ ಪುರುಸೊತ್ತೆಲ್ಲಿ? ಆದರೂ ಅಣ್ಣನಿಗೆ ಫೋನು ಮಾಡಿದೆ. ಈ ಬೇಸಿಗೆ ರಜೆಗೆ ಬಂದಾಗ ಹುರಿಯೋಣ, ಒಲೆಯ ಮುಂದೆ ನಾನೇ ಕೂರುತ್ತೇನೆ, ಮಗಳು ಕಣ್ಣಾರೆ ನೋಡಲಿ ಎಂದೆ. ಪೇಟೆಯಲ್ಲಿ ಪ್ಯಾಕೆಟ್ಟೇ ಸಿಗುತ್ತದಲ್ಲ ಎಂದ. ಬೇಡ ಎಂದೆ.

"ರಾಗಿ ಮನೆಯದೇ ಇದೆ, ಬಾಣಲೆಯೂ ಇದೆ. ಮರಳು ಎಲ್ಲಿಂದ ತರಲಿ? ಊರಲ್ಲಿ ಈಗ ಎಲ್ಲರೂ ಇಳಿಸುವುದು ಎಂ-ಸ್ಯಾಂಡ್" ಎಂದ ಅಣ್ಣ. ಹುಡುಕು, ಎರಡು ಬೊಗಸೆ ಸಾಕು ಎಂದಿದ್ದೇನೆ.