ಶರೀಫಜ್ಜನ ಮಾಳಿಗಿ ಎಲ್ಲಿ ಸೋರತದ?

ತತ್ವಪದಕಾರ ಶಿಶುನಾಳ ಶರೀಫರ ಪದಕ್ಕೆ ಅರ್ಥ ಹೇಳುವುದು ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಭಾಳ ಸಲೀಸಾಗಿಬಿಟ್ಟಿದೆ. ಮನೆ ಅಂದರೆ ದೇಹ, ಕುದುರೆ ಅಂದರೆ ಮನಸ್ಸು, ಮುಗೀತು, ಚಪ್ಪಾಳೆ. ಹೇಳಿದ್ದು ತಪ್ಪೇನಲ್ಲ, ಆದರೆ ಅರ್ಧಕ್ಕೇ ನಿಂತ ಮಾತು. ‘ಸೋರುತಿಹುದು ಮನೆಯ ಮಾಳಿಗಿ’ ಪದದ ಉಳಿದರ್ಧ ಸಿಗಬೇಕಾದರೆ ನಿಜವಾದ ಮಣ್ಣಿನ ಮಾಳಿಗೆ ಹೇಗೆ ಕಟ್ಟುತ್ತಾರೆ, ಯಾಕೆ ಸೋರುತ್ತದೆ ಅನ್ನುವುದು ಮೊದಲು ಗೊತ್ತಿರಬೇಕು.

ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆ, ಸೊಪ್ಪು-ಸದೆ, ಅದರ ಮೇಲೆ ಗೇಣಿಗೂ ಮಿಕ್ಕಿ ಮಣ್ಣು. ಎಲ್ಲಕ್ಕೂ ಮೇಲೆ ಸವುಳು ಮಣ್ಣು. ಬೆಳೆಗೆ ಬಾರದ ಆ ಮಣ್ಣು ನೀರು ತಾಗಿದೊಡನೆ ಹರಡಿ ಸಂದು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಮಾಳಿಗೆಗೆ ಅದು ಬೇಕು. ಬೇಸಿಗೆಯಲ್ಲಿ, ಮಿರಗ (ಮೃಗಶಿರಾ ಮಳೆ) ಕೂಡುವುದರೊಳಗೆ, ಮೇಲೆ ಹತ್ತಿ ಹುಲ್ಲು ಕಿತ್ತು ಹೊಸ ಮಣ್ಣು ಹಾಕಿ ಬಡಿಯಬೇಕು. ಒಂದು ವರ್ಷ ತಪ್ಪಿದರೆ ಕರಕಿ (ಗರಿಕೆ ಹುಲ್ಲು) ಬೇರು ಬಿಡುತ್ತದೆ, ಬೇರಿನ ಗುಂಟ ನೀರು ಇಳಿಯುತ್ತದೆ. ಇರುವೆ ಗೂಡು ಕಟ್ಟಿ ಮಣ್ಣನ್ನು ಪೊಳ್ಳು ಮಾಡುತ್ತವೆ. ಒದ್ದೆ ಕುಡಿದ ಜಂತಿಗೆ ಹುಳ ಬೀಳುತ್ತದೆ. ಜಂತಿ ಜಗ್ಗಿದಲ್ಲಿ ಮೇಲೆ ತಗ್ಗು, ತಗ್ಗಿನಲ್ಲಿ ನೀರು ನಿಲ್ಲುವುದು, ಮತ್ತೆ ಸೋರುವುದು.

ಈಗ ಪದ ಕೇಳಿ. ಮುರುಕು ತೊಲೆ, ಹುಳುಕು ಜಂತಿ, ಸಡಿಲಿದ ಕೀಲು, ಆಮೇಲೆ ಕರಕಿ ಹುಲ್ಲು, ಮುತ್ತಿದ ಇರುವೆ, ಒಳಗೂ ಹೊರಗೂ ಒಂದಾದ ಮಣ್ಣು. ಅಂದರೆ ಕೆಳಗಿನಿಂದ ಮೇಲಕ್ಕೆ. ಮನೆಯೊಳಗೆ ಕೂತು ತಲೆ ಎತ್ತಿದವನಿಗೆ ಕಾಣುವ ಕ್ರಮವೇ ಅದು. ಮನೆ ಶಿಥಿಲವಾಯಿತು ಅನ್ನುವುದಷ್ಟೇ ಇಲ್ಲಿನ ಮಾತಲ್ಲ. ಒಳಗೆ ಒಬ್ಬ ಕೂತಿದ್ದಾನೆ, ಸೋರುವುದು ಅವನಿಗೆ ಗೊತ್ತಾಗುತ್ತಿದೆ, ಆದರೆ ಕತ್ತಲಲ್ಲಿ ಮೇಲೆ ಹತ್ತಲಾರ. ಮಾಳಿಗೆಯ ರಿಪೇರಿ ಮಾತ್ರ ಮೇಲಿನಿಂದಲೇ ಆಗಬೇಕು. ಹನಿ ಬಿದ್ದ ಜಾಗದ ನೇರ ಮೇಲೆ ತೂತು ಇರುವುದೂ ಇಲ್ಲ, ನೀರು ಜಂತಿ ಹಿಡಿದು ಹರಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ. ಅಜ್ಞಾನದಿಂದ ಸೋರುತ್ತಿದೆ ಅಂತ ಶರೀಫರು ಹಾಡಿದ್ದು ಇಂಥ ಮಾಳಿಗೆಯ ಬಗ್ಗೆ.

ಕೊನೆಗೆ ಬರುವುದು ಹುಬ್ಬಿ ಮಳೆ. ಹುಬ್ಬಾ ನಕ್ಷತ್ರದ ಮಳೆ ಆಗಸ್ಟ್ ಕೊನೆಗೆ ಕೂಡಿ ಸೆಪ್ಟೆಂಬರ್ ನಡುವಿನವರೆಗೆ ಇರುತ್ತದೆ. ಅಷ್ಟರಲ್ಲಿ ಮೃಗಶಿರಾದಿಂದ ಮಘಾವರೆಗೆ ಆರು ಮಳೆ ಆಗಿಹೋಗಿರುತ್ತವೆ, ಮಣ್ಣು ಹಾಕುವ ಹಂಗಾಮು ಯಾವಾಗಲೋ ಮುಗಿದಿರುತ್ತದೆ. ಒದ್ದೆ ಮಾಳಿಗೆ ಮೇಲೆ ಹತ್ತಿದರೆ ಕಾಲೇ ಹುಗಿಯುತ್ತದೆ. ಅದಕ್ಕೇ ಪದ ರಿಪೇರಿಯ ಮಾತಾಡದೆ ಶಿಶುನಾಳಧೀಶನ (ಶರೀಫರ ಅಂಕಿತದ ದೇವರು) ಮೇಲೆ ಭಾರ ಹಾಕುತ್ತದೆ. ವೇದಿಕೆ ಮೇಲೆ ಈ ಪದ ಹಾಡುವವರು ಹುಬ್ಬಿ ಮಳೆಯ ನುಡಿ (ಚರಣ) ಬಿಟ್ಟುಬಿಟ್ಟರೆ ಪದದ ಬೆನ್ನೆಲುಬೇ ಹೋಗುತ್ತದೆ ಅಂತ ನನಗನಿಸುತ್ತದೆ.

ಜೀವನಚರಿತ್ರೆ ಚಿಕ್ಕದು. 1819ರಲ್ಲಿ ಈಗಿನ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ ಇಮಾಮಸಾಹೇಬ, ಹಜ್ಜೂಮಾ ದಂಪತಿಯ ಮಗನಾಗಿ ಹುಟ್ಟಿದರು. ಗುರು ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರು, ಜಾತಿಯ ಕಟ್ಟಳೆಗೆ ಸೊಪ್ಪು ಹಾಕದ ಬ್ರಾಹ್ಮಣ. ಶರೀಫರು ಸ್ವಲ್ಪ ಕಾಲ ಮಾಸ್ತರಿಕೆ ಮಾಡಿದರು, ಮದುವೆಯಾದರು, ಹೆಂಡತಿ-ಮಗಳನ್ನು ಕಳಕೊಂಡರು. ಹುಬ್ಬಳ್ಳಿಯ ಸಿದ್ಧಾರೂಢರು, ನವಲಗುಂದದ ನಾಗಲಿಂಗಸ್ವಾಮಿ ಅವರ ಕಾಲದವರೇ. ಮೊಹರಂ ಪದಗಳನ್ನೂ ಕಟ್ಟಿದರು. 1889ರಲ್ಲಿ ತೀರಿಕೊಂಡರು, ಗದ್ದುಗೆ ಶಿಶುನಾಳದಲ್ಲೇ ಇದೆ. ಪವಾಡದ ಕಥೆಗಳು ಬೇಕಾದಷ್ಟಿವೆ, ಪದ ಬಿಡಿಸಲು ಅವುಗಳಿಂದ ಉಪಯೋಗ ಕಡಿಮೆ.

‘ಕೋಡಗನ್ನ ಕೋಳಿ ನುಂಗಿತ್ತಾ’ (ಕೋಡಗ ಅಂದರೆ ಮಂಗ) ಕೇಳಿದವರು ಇಡೀ ಪದವೇ ತಲೆಕೆಳಗು ಅಂತ ತಿಳಿಯುತ್ತಾರೆ. ಸಾವಕಾಶ ನೋಡಿ. ಆಡು ಆನೆಯನ್ನು ನುಂಗುವುದು ಆಗದ ಮಾತು. ಬೆನ್ನಿಗೇ ಬರುವ ‘ಗೋಡೆ ಸುಣ್ಣವ ನುಂಗಿ’ ಮಾತ್ರ ಎಲ್ಲರ ಮನೆಯಲ್ಲೂ ಆಗುವಂಥದ್ದು. ಮಣ್ಣಿನ ಗೋಡೆ ಮೊದಲ ಕೈ ಸುಣ್ಣ ಕುಡಿದೇ ಬಿಡುತ್ತದೆ, ಎರಡನೇ ಕೈ ಬಳಿದಾಗಲೇ ಬೆಳ್ಳಗಾಗುವುದು. ಒಳ್ಳು (ಒರಳು) ಒನಕೆಯನ್ನು ನುಂಗುವುದೂ ಅಷ್ಟೇ, ಕುಟ್ಟುವುದೆಂದರೇ ಅದು. ಬೀಸುವ ಕಲ್ಲು ಗೂಟವನ್ನು ನುಂಗಿ ಗಟ್ಟಿ ಹಿಡಿಯದಿದ್ದರೆ ಹಿಟ್ಟೇ ಆಗುವುದಿಲ್ಲ. ಆಗದ ಮಾತು, ದಿನಾ ಆಗುವ ಮಾತು ಎರಡನ್ನೂ ಒಂದೇ ದಾಟಿಯಲ್ಲಿ ಪೋಣಿಸಿದ್ದಾರೆ. ಇದೆಲ್ಲ ಹುಚ್ಚು ಹಾಡು ಅನ್ನುವ ಹೊತ್ತಿಗೆ ಕಾಲ ಕೆಳಗೆ ಗಟ್ಟಿ ನೆಲ ಸಿಗುತ್ತದೆ, ನೆಲ ಸಿಕ್ಕಿತು ಅನ್ನುವಾಗ ಅದು ಜಾರುತ್ತದೆ.

ಪ್ರತಿ ನುಡಿಯ ಕೊನೆಯ ಸಾಲಿಗೆ ಬನ್ನಿ. ಮದ್ದಳೆ ಪಾತರದವಳನ್ನು ನುಂಗಿತು, ನೆಲ್ಲು ಮುದುಕಿಯನ್ನು, ಮಣಿ ಮಗ್ಗದ ಅಣ್ಣನನ್ನು, ಮೇಳಿ (ನೇಗಿಲ ಹಿಡಿ) ಹೊಲದ ಅಣ್ಣನನ್ನು. ಎಲ್ಲ ಕಡೆಯೂ ಕೆಲಸದ ವಸ್ತು ಕೆಲಸದವರನ್ನೇ ನುಂಗುತ್ತಿದೆ. ಕುಣಿತ ಉಂಟು, ಕುಣಿಯುವವಳಿಲ್ಲ. ಕೊನೆಗೆ ಗೋವಿಂದ ಗುರುವಿನ ಪಾದ ‘ನನ್ನನೆ’ ನುಂಗುತ್ತದೆ. ಮಾಳಿಗೆಯ ಪದದಲ್ಲಿ ಕತ್ತಲೊಳಗೆ ಕೂತಿದ್ದನಲ್ಲ, ಆ ‘ನಾನು’ ಇಲ್ಲಿ ಉಳಿಯುವುದೇ ಇಲ್ಲ. ಅಲ್ಲಮನ ಬೆಡಗಿನ, ಅಂದರೆ ಒಗಟಿನಂಥ, ವಚನ ಓದಿದವರಿಗೆ ಈ ದಾರಿ ಹೊಸದಲ್ಲ. ಕೋಡಗ ಅಂದರೆ ಚಂಚಲ ಮನಸ್ಸು, ಕೋಳಿ ಅಂದರೆ ಬೆಳಗು ಕೂಗುವ ಅರಿವು ಅಂತ ಪಟ್ಟಿ ಮಾಡುವವರು ಮಾಡಲಿ. ಆದರೆ ಆ ಪಟ್ಟಿ ಪಲ್ಲವಿ ದಾಟಿದ ಮೇಲೆ ಮೇಳಿಗೋ ಜತ್ತಗಿಗೋ (ನೊಗಕ್ಕೆ ಎತ್ತು ಕಟ್ಟುವ ಪಟ್ಟಿ) ಬಂದು ಸಿಕ್ಕಿಹಾಕಿಕೊಳ್ಳುತ್ತದೆ.

ಹೊಸಬರು ಕೋಡಗದಿಂದ ಶುರು ಮಾಡುವುದು ಬೇಡ. ಮೊದಲು ‘ಗುಡುಗುಡಿಯ ಸೇದಿ ನೋಡೋ’ ತೆಗೆದುಕೊಳ್ಳಿ, ಗುಡುಗುಡಿ ಅಂದರೆ ಹುಕ್ಕಾ. ಮನಸ್ಸು ಸಂಚಿ, ಮೋಹ ಭಂಗಿ (ಸೇದುವ ಸೊಪ್ಪು), ನೆನಹು ಚಿಲುಮೆ, ಬುದ್ಧಿ ಬೆಂಕಿ ಅಂತ ಕೀಲಿಕೈಗಳನ್ನು ಪದವೇ ಕೊಡುತ್ತದೆ. ಅಲ್ಲಿಯೂ ಕ್ರಮ ಗಮನಿಸಿ: ಸಂಚಿ ಬಿಚ್ಚದೆ ಭಂಗಿ ಸಿಗುವುದಿಲ್ಲ, ಕೊಚ್ಚದೆ ಚಿಲುಮೆಗೆ ತುಂಬಲಾಗುವುದಿಲ್ಲ, ಬೆಂಕಿ ಕಡೆಯಲ್ಲಿ, ಅದೂ ಮೇಲಿನಿಂದ. ಬುದ್ಧಿಯಿಂದ ಶುರು ಮಾಡಿದರೆ ಬರೀ ಚಿಲುಮೆ ಸುಡುತ್ತದೆ. ಇದಾದ ಮೇಲೆ ಮಾಳಿಗೆ, ಆಮೇಲೆ ಕೋಡಗ.

ಪಾಠಭೇದದ ತೊಡಕೂ ಇದೆ. ಈ ಪದಗಳು ಏಕತಾರಿ-ದಮ್ಮಡಿಯ ಭಜನಿ ಮೇಳಗಳಲ್ಲಿ ಬಾಯಿಂದ ಬಾಯಿಗೆ ಬಂದವು, ಆದ್ದರಿಂದ ಊರಿಂದ ಊರಿಗೆ ನುಡಿ ಹೆಚ್ಚು-ಕಡಿಮೆ. ಬಹಳ ಮಂದಿಗೆ ಗೊತ್ತಿರುವುದು ಗಾಯಕ ಸಿ. ಅಶ್ವತ್ಥ್ ಹಾಡಿದ ಪಾಠ. ಅದನ್ನು ಕೇಳಿ, ಜೊತೆಗೆ ಒಂದಾದರೂ ಭಜನಿ ಮೇಳದ ಪಾಠ ಇಟ್ಟುಕೊಂಡು ನುಡಿನುಡಿಗೂ ಹೋಲಿಸಿ. ‘ಶಿಶುನಾಳಧೀಶ’ ಅಂತ ಕೊನೆಗೆ ಬಂದ ಮಾತ್ರಕ್ಕೆ ಪದ ಅವರದೇ ಅಂತ ಒಪ್ಪಿಕೊಳ್ಳಬೇಡಿ. ಯಾರು ಬೇಕಾದರೂ ಅಂಕಿತ ಅಂಟಿಸಬಹುದು. ಪದದೊಳಗಿನ ವಸ್ತು ನಿಜವಾಗಿ ಕೆಲಸ ಮಾಡುತ್ತದೋ ನೋಡಿ. ಜಂತಿಯ ಮೇಲೆ ತೊಲೆ ಇಟ್ಟು ಹಾಡಿದ್ದರೆ ಅನುಮಾನ ಪಡಿ.